ಹಾಜರುಪಡಿಸತಕ್ಕದ್ದು

ಕೋರ್ಟಿನ ಅಮೀನ ಬೀದಿಗೆ ಕಾಲಿಟ್ಟರೆ ಸಾಕು, ತೆರೆದ ಬಾಗಿಲುಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸವೇ ಅದು: ನೋಟಿಸು ತಲುಪಿಸುವುದು, ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸುವುದು, ಯಾರದೋ ಮಂಚ ಬೀರು ಜಪ್ತಿ ಮಾಡುವುದು, ಹೊಟ್ಟೆ ತುಂಬ ಬೈಗುಳ ತಿಂದು ಮನೆಗೆ ಬರುವುದು. ಜನ ಅವನಿಗೆ ಗೋಂದಪ್ಪ ಎಂದು ಹೆಸರಿಟ್ಟಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕಾನೂನು ಅಂದರೆ ಕಿತ್ತುಕೊಳ್ಳುವ ಕೈ, ಆ ಕೈಗೆ ತಾನೊಂದು ಕಿರುಬೆರಳು ಅನ್ನುವುದು ಅವನ ತಿಳಿವಳಿಕೆ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇರಲಿಲ್ಲ, ಬೇಜಾರೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಅಂಚೆಯಲ್ಲಿ ಜಡ್ಜಮ್ಮನ ಹೆಸರಿಗೆ ಒಂದು ಲಕೋಟೆ ಬಂತು. ಒಳಗಿದ್ದದ್ದು ದರ್ಜಿಗಳು ಬಟ್ಟೆ ಕತ್ತರಿಸುವ ಮುಂಚೆ ಅಳತೆ ಗುರುತಿಸುವ ಕಂದು ಹಾಳೆ. ಅದರ ಬೆನ್ನಿಗೆ ದರ್ಜಿ ಹೆಂಗಸೊಬ್ಬಳು ಬರೆದಿದ್ದಳು: "ನನ್ನ ತಮ್ಮ ಅಂಗಡಿಗಳ ಬೋರ್ಡು ಬರೆಯುವವನು. ನಮ್ಮ ಬೀದಿಗೆ ಬರಬೇಕಾದ ನೀರು ಎಲ್ಲಿಗೆ ಹೋಯಿತು ಅಂತ ಗೋಡೆಯ ಮೇಲೆ ಬರೆದ. ಹಿಡಿದುಕೊಂಡು ಹೋಗಿ ಬಂದೀಖಾನೆಗೆ ಹಾಕಿದರು. ಇವತ್ತಿಗೆ ನಲವತ್ತೊಂದು ದಿನ. ತಪ್ಪು ಮಾಡಿದ್ದರೆ ಶಿಕ್ಷೆ ಕೊಡಿ. ಏನು ತಪ್ಪು ಅಂತಾದರೂ ಹೇಳಿ."

ಶಿರಸ್ತೇದಾರರು ಮೂಗು ಮುರಿದರು. "ಮೇಡಂ, ಇದಕ್ಕೆ ಸ್ಟಾಂಪಿಲ್ಲ, ವಕೀಲರಿಲ್ಲ, ಮಾರ್ಜಿನ್ ಕೂಡ ಬಿಟ್ಟಿಲ್ಲ. ಇದನ್ನ ಅರ್ಜಿ ಅಂತ ಹೇಗೆ ತಗೊಳ್ಳೋದು?"

ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡರು. "ಒಳಗೆ ಮನುಷ್ಯ ಇದ್ದಾನಲ್ಲ, ಅಷ್ಟು ಸಾಕು. ಟೈಪ್ ಮಾಡಿ."

ಆದೇಶ ನಾಲ್ಕೇ ಸಾಲು. ಸದರಿ ವ್ಯಕ್ತಿಯನ್ನು ಇಂದು ಸಂಜೆ ನಾಲ್ಕು ಗಂಟೆಯೊಳಗೆ ಈ ನ್ಯಾಯಾಲಯದ ಮುಂದೆ ಖುದ್ದಾಗಿ ಹಾಜರುಪಡಿಸತಕ್ಕದ್ದು. ಕೆಳಗೆ ಸಹಿ, ಮೊಹರು.

ಅಮೀನ ಅದನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದ. ಹೋಗಬೇಕಾದದ್ದು ಊರಾಚೆಯ ಬಂದೀಖಾನೆಗೆ. ಆ ಎತ್ತರದ ಗೋಡೆಯ ಪಕ್ಕದಲ್ಲಿ ಹಾದುಹೋಗುವಾಗ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಬೈಸಿಕೊಂಡು ಅಭ್ಯಾಸವಿದ್ದವನೂ ಅಂದು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಗೇಟಿನವರೆಗೆ ಹೋದ.

ಗೇಟಿನ ಕಾವಲುಗಾರ ನಕ್ಕ. "ಏನ್ ಗೋಂದಪ್ಪ, ಇವತ್ತು ಯಾರ ಮನೆ ಜಪ್ತಿ?"

"ನಿಮ್ಮದೇ," ಅಂದುಬಿಟ್ಟ ಅಮೀನ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಒಳಗಿನ ಅಧಿಕಾರಿ ಕಾಗದವನ್ನು ಕೈಯಲ್ಲಿ ಮುಟ್ಟಲೂ ಇಲ್ಲ. "ಮೇಲಿನವರು ಊರಲ್ಲಿಲ್ಲ. ನಾಳೆ ಬಾ."

"ಇವತ್ತು ನಾಲ್ಕು ಗಂಟೆ ಅಂತಿದೆ, ಸ್ವಾಮಿ."

"ನಾಳೆ ಬಾ ಅಂದೆನಲ್ಲ!"

ಅಮೀನನಿಗೆ ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಆದರೆ ಇಪ್ಪತ್ತಾರು ವರ್ಷದ ರೂಢಿ ಬಿಡಬೇಕಲ್ಲ! ಕೈ ತನ್ನಷ್ಟಕ್ಕೆ ಚೀಲಕ್ಕೆ ಹೋಗಿ ಗೋಂದಿನ ಡಬ್ಬಿ ತೆಗೆಯಿತು.

"ಏನದು?"

"ತಗೊಳ್ಳೋದಿಲ್ಲ ಅಂದ್ರೆ ಬಾಗಿಲಿಗೆ ಅಂಟಿಸ್ಬೇಕು ಸ್ವಾಮಿ, ಅದು ನಿಯಮ. ಇಂಥವರು ತಗೊಳ್ಳಲಿಲ್ಲ ಅಂತ ಷರಾನೂ ಬರೀಬೇಕು. ತಮ್ಮ ಹೆಸರು, ಹುದ್ದೆ ಹೇಳಿ." ಮಾತು ತಪ್ಪಿಲ್ಲದೆ ಬಂತು. ಇದೇ ಮಾತನ್ನು ಅವನು ಎಷ್ಟೋ ಅಂಗಡಿಯವರಿಗೆ, ಎಷ್ಟೋ ವಿಧವೆಯರಿಗೆ ಹೇಳಿದ್ದ. ಸಮವಸ್ತ್ರದವರಿಗೆ ಹೇಳಿದ್ದು ಇದೇ ಮೊದಲು.

ಅಧಿಕಾರಿ ಅವನನ್ನೂ ಡಬ್ಬಿಯನ್ನೂ ನೋಡಿದ. ಕೊನೆಗೆ ಕಾಗದ ಎಳೆದುಕೊಂಡು ಓದಿದ. ಎರಡನೇ ಸಲ ಓದುವಾಗ ಬೆನ್ನು ನೆಟ್ಟಗಾಯಿತು. ಯಾರಿಗೋ ಫೋನು ಮಾಡಿದ. "ಹೌದು ಸಾರ್... ಮೊಹರು ಇದೆ ಸಾರ್... ಅಂಟಿಸ್ತಾನಂತೆ ಸಾರ್..." ಫೋನು ಇಟ್ಟು ಎದ್ದು ನಿಂತ. ಗೋಡೆಯಿಂದ ಬೀಗದ ಕೈ ಗೊಂಚಲು ತೆಗೆದ.

ಒಂದು ಬಾಗಿಲು ತೆರೆಯಿತು. ಆಮೇಲೆ ಇನ್ನೊಂದು. ಆಮೇಲೆ ಮೂರನೆಯದು, ಎರಡಾಳು ಸೇರಿ ತಳ್ಳಬೇಕಾದ ಕಬ್ಬಿಣದ್ದು. ಅಮೀನ ಬಾಯಿ ತೆರೆದು ನೋಡುತ್ತ ನಿಂತ. ಆನೆ ಗುದ್ದಿದರೂ ಅಲುಗದ ಬಾಗಿಲುಗಳು! ಯಾರೂ ಗುದ್ದಲಿಲ್ಲ, ಯಾರೂ ಕೂಗಲಿಲ್ಲ. ತೆರೆಸಿದ್ದು ಒಂದು ತೆಳ್ಳನೆಯ ಕಾಗದ, ಬೆವರಿನ ಕೈಯಲ್ಲಿ ಹಿಡಿದು ಮೂಲೆ ಮುದುಡಿದ್ದು.

ಮೂರನೆಯ ಬಾಗಿಲಿನಿಂದ ಬೋರ್ಡು ಬರೆಯುವವನು ಬಂದ. ಕಡ್ಡಿಯಾಗಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ ಉಳಿದಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಧಿಕಾರಿಯೂ ಒಬ್ಬ ಪೇದೆಯೂ ಅವನನ್ನು ಕರೆದುಕೊಂಡು ಅಮೀನನ ಜೊತೆ ಕೋರ್ಟಿನ ಹಾಲಿಗೆ ಬಂದರು. ಹಿಂದಿನ ಬೆಂಚಿನಲ್ಲಿ ಅಕ್ಕ ಕುಳಿತಿದ್ದಳು. ಅಳತೆಯ ಟೇಪು ಕೊರಳಲ್ಲೇ ಇತ್ತು, ಕೋರ್ಟಿನಿಂದ ಕರೆ ಬಂದದ್ದೇ ಕೆಲಸ ಬಿಟ್ಟು ಓಡಿಬಂದವಳು. ತಮ್ಮನನ್ನು ಕಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಇವರನ್ನ ಯಾವ ಕಾನೂನಿನ ಕೆಳಗೆ ಇಟ್ಟುಕೊಂಡಿದ್ದೀರಿ?" ಜಡ್ಜಮ್ಮ ಕೇಳಿದರು.

ಅಧಿಕಾರಿ ಗಂಟಲು ಸರಿಮಾಡಿಕೊಂಡ. "ಮೇಡಂ, ಇವನು ಗೋಡೆ ಮೇಲೆ ಬರೆದಿದ್ದು ಏನು ಅಂದ್ರೆ..."

"ಅವರು ಏನು ಬರೆದರು ಅಂತ ನಾನು ಕೇಳಲಿಲ್ಲ. ನಿಮ್ಮ ಹತ್ತಿರ ಏನು ಬರೆದಿದೆ ಅಂತ ಕೇಳಿದೆ."

"ಮೇಲಿನವರು ಬಾಯಲ್ಲಿ ಹೇಳಿದ್ರು ಮೇಡಂ."

"ನಲವತ್ತು ದಿನ ದಾಟಿತು. ಬಾಯಿಮಾತಿನ ಮೇಲೆ."

ಬೇರೆ ಕೇಸಿಗೆಂದು ಬಂದ ವಕೀಲರೂ ಕಡತ ಮುಚ್ಚಿ ಕುಳಿತಿದ್ದರು. ಹಾಗೆ ಹೇಳಿದ ಮೇಲಿನವರೂ ಸೋಮವಾರ ಇದೇ ಹಾಲಿಗೆ ಬಂದು ಉತ್ತರ ಕೊಡಬೇಕೆಂದು ಜಡ್ಜಮ್ಮ ಬರೆಸಿದರು. ಆಮೇಲೆ ಬೋರ್ಡು ಬರೆಯುವವನ ಕಡೆ ತಿರುಗಿದರು. "ನೀವು ಹೋಗಬಹುದು."

ಅವನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಪೇದೆಯ ಮುಖ ನೋಡಿದ. "ಎಲ್ಲಿಗೆ, ತಾಯಿ?"

ಜಡ್ಜಮ್ಮ ಪೆನ್ನು ಕೆಳಗಿಟ್ಟರು. "ಅದನ್ನ ಹೇಳೋ ಅಧಿಕಾರ ನನಗೂ ಇಲ್ಲಪ್ಪ."

ಅಮೀನ ಬಾಗಿಲ ಬಳಿ ನಿಂತಿದ್ದ. ಅವನ ಕಣ್ಣು ಮಂಜಾಯಿತು. ಬೀಗ ಹಾಕಿಸಬಲ್ಲ, ತೆಗೆಸಬಲ್ಲ, ದೊಡ್ಡ ದೊಡ್ಡವರನ್ನು ಕರೆಸಿ ನಿಲ್ಲಿಸಬಲ್ಲ ಪೀಠ ಅದು. ಅಂಥ ಪೀಠವೂ ಈ ಕಡ್ಡಿಪೈಲ್ವಾನ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಅನ್ನುವಲ್ಲಿಗೆ ಬಂದು ಕೈಕಟ್ಟಿ ನಿಂತಿತಲ್ಲ! ಇಪ್ಪತ್ತಾರು ವರ್ಷ ಈ ಕಟ್ಟಡದ ಮೆಟ್ಟಿಲು ಸವೆಸಿದವನು ಇಂಥದೊಂದು ಇದರೊಳಗಿದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬೋರ್ಡು ಬರೆಯುವವನು ನಡುವಿನ ದಾರಿಯಲ್ಲಿ ನಡೆದುಬಂದ. ದಾರಿಗೆ ಅಡ್ಡವಾಗಿದ್ದ ಅಧಿಕಾರಿ ಪಕ್ಕಕ್ಕೆ ಸರಿದ. ಅಕ್ಕ ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟಳು, "ನೀರಂತೆ, ಗೋಡೆಯಂತೆ!" ಅಂದಳು. ಆಮೇಲೆ ಅವನನ್ನು ತಬ್ಬಿಕೊಂಡು ಅತ್ತಳು. ಮೆಟ್ಟಿಲಿಳಿದ ಮೇಲೂ ಇಬ್ಬರೂ ಬಸ್ಸಿನಲ್ಲಿ ಹೋಗುವುದೋ ನಡೆದು ಹೋಗುವುದೋ ಎಂದು ಜಗಳವಾಡುತ್ತಿದ್ದರು. ಕೊನೆಗೆ ನಡೆದೇ ಹೋದರು.

ಮಾರನೇ ದಿನ ಅಮೀನ ಮಾಮೂಲಿನಂತೆ ಚೀಲ ಹಿಡಿದು ಹೊರಟ. ಮೊದಲ ಮನೆಯ ಮುದುಕಿ ನೋಟಿಸು ಕಂಡದ್ದೇ ತಡ, ಅವನ ಏಳು ತಲೆಮಾರನ್ನು ಬೈದಳು. ಬೇರೆ ದಿನವಾಗಿದ್ದರೆ ಸಹಿ ಹಾಕಿಸಿಕೊಂಡು ತಿರುಗಿ ನೋಡದೆ ಹೋಗುತ್ತಿದ್ದ. ಅವತ್ತು ಜಗಲಿಯ ಮೇಲೆ ಕುಳಿತ.

"ಬೈದು ಮುಗೀತಾ, ಅಜ್ಜಿ? ಈಗ ಕೇಳಿ. ಇದರಲ್ಲಿ ಏನಿದೆ ಓದಿ ಹೇಳ್ತೀನಿ. ನಿಮ್ಮ ಮಾತು ಏನಿದ್ರೂ ಹದಿನೈದು ದಿನದೊಳಗೆ ಕೋರ್ಟಿಗೆ ಹೋಗಿ ಹೇಳಬಹುದು. ಹೋಗೋಕಾಗದಿದ್ರೆ ಬರೆದು ಕಳಿಸಿ, ಎಂಥ ಕಾಗದ ಆದ್ರೂ ಸರಿ."

"ನನ್ನಂಥವಳ ಕಾಗದ ಯಾರಯ್ಯ ಓದ್ತಾರೆ?"

"ಓದ್ತಾರೆ," ಅಂದ ಅಮೀನ. "ನಾನು ಕಣ್ಣಾರೆ ಕಂಡಿದ್ದೀನಿ."