ಮಾಕಳಿದುರ್ಗದ ಮಾಸ್ತರರೂ ಮುಂಗೋಪದ ಮೀನುಗಳೂ

ಆದಿನಾರಾಯಣಪ್ಪನವರಿಗೆ ಮೆಲ್ಲಗೆ ಮಾತನಾಡುವುದು ತಿಳಿದಿರಲಿಲ್ಲ. ರೈಲುಗಾಡಿಗಳ ಸದ್ದಿನ ನಡುವೆಯೇ ಪಳಗಿದ ಆ ಕಂಠ, ಎದುರಿಗೆ ಗಾಡಿ ಇರಲಿ ಇಲ್ಲದಿರಲಿ, ಅದನ್ನು ಮೀರಿಯೇ ಹೊರಡುತ್ತಿತ್ತು; ಅವರು ಊಟಕ್ಕೆ ಕೂತು ಉಪ್ಪು ಕೇಳಿದರೆ ಪ್ಲಾಟ್‌ಫಾರಂ ಮೇಲೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಪಿಳ್ಳಣ್ಣ ಎದ್ದು ನಿಲ್ಲುತ್ತಿದ್ದ. ಕಂಠಕ್ಕೆ ತಕ್ಕ ಕೋಪ. ಮೇಲಿನವರೊಡನೆ ಜಗಳವಾಡಿ ದೊಡ್ಡ ಸ್ಟೇಷನ್ನುಗಳನ್ನೆಲ್ಲ ಕಳೆದುಕೊಂಡು, ಕೊನೆಗೆ ಮಾಕಳಿದುರ್ಗದ ಬಂಡೆಗಳ ಬುಡದಲ್ಲಿದ್ದ ಪುಟ್ಟ ನಿಲ್ದಾಣಕ್ಕೆ ಮಾಸ್ತರರಾಗಿ ಬಂದು ಬಿದ್ದಿದ್ದರು. ಗುಂಡಿಗಳೆಲ್ಲ ಹಾಕಿದ ಕಪ್ಪು ಕೋಟು, ಬೇಸಗೆಯಲ್ಲೂ ಬಿಚ್ಚದ ಪೇಟ, ಗುಂಪಿನಲ್ಲಿ ಯಾರನ್ನೋ ತಳ್ಳಿಕೊಂಡು ಹೋಗುವವರಂತೆ ಒಂದು ಹೆಗಲನ್ನು ಮುಂದೆ ಚಾಚಿದ ನಡಿಗೆ. ಇವನ್ನೆಲ್ಲ ಹೆಂಡತಿ ರುಕ್ಮಿಣಮ್ಮನವರು ಮಳೆ ಬಿಸಿಲುಗಳ ಹಾಗೆ ಒಪ್ಪಿಕೊಂಡಿದ್ದರು. ಆ ಮನೆಯಲ್ಲಿ ಮಾತೆಲ್ಲ ಅವರದು, ಮೌನವೆಲ್ಲ ಈಕೆಯದು.

ಯುದ್ಧ ಮುಗಿದ ಮರುವರ್ಷ, ಸೀಮೆಗೆ ಹೊರಟಿದ್ದ ಬಿಳಿಯ ಇಂಜಿನಿಯರೊಬ್ಬ ತನ್ನ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಎರಡು ಮೀನುಗಳನ್ನೂ ಇವರಿಗೆ ಕೊಟ್ಟುಹೋದ. ಅಮೆರಿಕದ ನದಿಗಳ ಸಿಕ್ಲಿಡ್ ಜಾತಿ. ಅಂಗೈಯುದ್ದದ ಕಪ್ಪು ಮೈ, ಮೈತುಂಬ ನೀಲಿ ಚುಕ್ಕಿ. ಬೇರೆ ಯಾವ ಮೀನನ್ನು ಜೊತೆಗೆ ಬಿಟ್ಟರೂ ಕೊಲ್ಲುತ್ತವೆ, ಅದಕ್ಕೇ ಇವನ್ನು ಯಾರೂ ಒಯ್ಯಲಿಲ್ಲ ಎಂದು ಆತ ಹೇಳಿದ್ದ. ಅಷ್ಟು ಕೇಳಿದ್ದೇ ಮಾಸ್ತರರಿಗೆ ಅವುಗಳ ಮೇಲೆ ಅಭಿಮಾನ ಹುಟ್ಟಿತು.

ತೊಟ್ಟಿಯ ಪಕ್ಕದಲ್ಲಿ ನಿಂತು ಅವರು ಪಿಳ್ಳಣ್ಣನನ್ನು ಕೂಗಿದ ಮೊದಲ ಸಲವೇ ಮೀನುಗಳು ಬೆಚ್ಚಿ ಗಾಜಿಗೆ ಬಡಿದುಕೊಂಡು, ಬಣ್ಣ ಕಳೆದುಕೊಂಡು ತಳದಲ್ಲಿ ಒರಗಿದವು. ಮಾಸ್ತರರು ಬಗ್ಗಿ ನೋಡಿದರು. “ಏನೂ ಇಲ್ಲ ಕಣಪ್ಪ, ಏನೂ ಇಲ್ಲ, ನಾನೇ,” ಎಂದರು. ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ರುಕ್ಮಿಣಮ್ಮನವರ ಕೈ ನಿಂತಿತು. ಅಂಥದೊಂದು ದನಿ ತಮ್ಮ ಗಂಡನೊಳಗೆ ಇದೆಯೆಂದು ಆಕೆಗೆ ಅದುವರೆಗೆ ಗೊತ್ತಿರಲಿಲ್ಲ. ಸಂತೋಷಕ್ಕಿಂತ ಮೊದಲು ಬಂದದ್ದು ಸಂಕಟ.

ಅಂದಿನಿಂದ ಆ ಮೀನುಗಳ ಆರೈಕೆ ಒಂದು ವ್ರತವಾಯಿತು. ನೀರನ್ನು ಒಮ್ಮೆಲೇ ಚೆಲ್ಲದೆ, ಕಾಲುಭಾಗ ತೆಗೆದು, ಮಣ್ಣಿನ ಗಡಿಗೆಯಲ್ಲಿ ನಿಂತ ಬಾವಿನೀರನ್ನು ತುಂಬುವುದು. ತಾಮ್ರದ ಹಂಡೆಯ ನೀರು ಸುರಿದಂದು ಮೀನುಗಳು ಮೇಲೆ ಬಂದು ಬಾಯಿಬಿಟ್ಟದ್ದನ್ನು ಕಂಡು ಆ ಗಡಿಗೆ ತಂದಿಟ್ಟವರು ರುಕ್ಮಿಣಮ್ಮನವರೇ. ಎರೆಹುಳುವನ್ನು ತೊಳೆದು, ಹೆಚ್ಚಿ, ಮಿತವಾಗಿ ಹಾಕುವುದು. ಮಾರ್ಗಶಿರದ ಚಳಿಗೆ ತೊಟ್ಟಿಗೆ ಕಂಬಳಿ ಸುತ್ತಿ, ಅದರ ಕಲ್ಲುಹಾಸಿನ ತಳದಡಿ ಸಣ್ಣದೊಂದು ಲಾಂದ್ರ ಇಡುವುದು. ಸೀಮೆಎಣ್ಣೆಗೆ ರೇಷನ್ ಇದ್ದ ಕಾಲ. ಗಂಡಹೆಂಡಿರು ಹೊತ್ತು ಮುಳುಗುವ ಮುನ್ನ ಉಂಡು, ಮನೆಯ ಎಣ್ಣೆಯನ್ನೆಲ್ಲ ಮೀನುಗಳಿಗೆ ಬಿಟ್ಟುಕೊಟ್ಟರು.

ಚಳಿ ಹಿಂದಾಗುತ್ತಿದ್ದಂತೆ ಗಂಡುಮೀನು ಹೆಣ್ಣಿನ ಮೇಲೆ ತಿರುಗಿಬಿತ್ತು. ರೆಕ್ಕೆ ಹರಿದು, ಹುರುಪೆ ಉದುರಿ, ಹೆಣ್ಣು ಮೂಲೆ ಸೇರಿ ಬರಿದೆ ಕಿವಿರು ಆಡಿಸುತ್ತಿತ್ತು.

“ಒಂದನ್ನ ಕೆರೆಗೆ ಬಿಟ್ಬಿಡಿ ಸ್ವಾಮಿ. ಜೊತೇಲಿ ಬಾಳೋ ಜಾತಿಯಲ್ಲ ಇವು,” ಎಂದ ಪಿಳ್ಳಣ್ಣ.

ಮಾಸ್ತರರು ಗೋಡೆಯ ಮೇಲಿದ್ದ ತಮ್ಮ ಮದುವೆಯ ಫೋಟೋ ಇಳಿಸಿ, ಕಟ್ಟು ಬಿಚ್ಚಿ, ಅದರ ಗಾಜನ್ನು ತೊಳೆದು, ಮೀನುಗಳೆರಡರ ನಡುವೆ ಅಡ್ಡಲಾಗಿ ಇಳಿಸಿದರು.

ಬರಿದಾದ ಚಿತ್ರವನ್ನು ಸೆರಗಿನಿಂದ ಒರೆಸುತ್ತ ರುಕ್ಮಿಣಮ್ಮನವರು, “ಮೀನಿನ ಹತ್ರ ಮಾತಾಡೋ ಹಂಗೆ ನನ್ ಹತ್ರ ಒಂದಿನ ಮಾತಾಡಿದ್ರೆ ಆಗ್ತಿತ್ತು,” ಎಂದರು.

ಮಾಸ್ತರರ ಬಾಯಿ ತೆರೆಯಿತು. ಅಭ್ಯಾಸದ ಗರ್ಜನೆ ಗಂಟಲವರೆಗೆ ಬಂದು ನಿಂತದ್ದು ಆಕೆಗೆ ಕಂಡಿತು. ಕೈಯಲ್ಲಿದ್ದ ಫೋಟೋ ಕಟ್ಟನ್ನು ಕೆಳಗಿಟ್ಟು, “ನೀನು ನನಗೆ ಹೆದರ್ತಿದ್ದೆ ಅಂತ ಗೊತ್ತಿರ್ಲಿಲ್ಲ ಕಣೆ,” ಎಂದರು. ದನಿ ತಗ್ಗಿತ್ತು, ನಡುವೆ ಒಡೆದೂ ಇತ್ತು.

“ಹೆದರ್ತಿರ್ಲಿಲ್ಲ. ನಿಮ್ಗೆ ಕೇಳ್ಸಲ್ಲ ಅಂತ ಮಾತು ಬಿಟ್ಟೆ,” ಎಂದರು ಆಕೆ.

ಗಾಯ ಮಾಯಲೆಂದು ತೊಟ್ಟಿಗೆ ಒಂದಿಷ್ಟು ಕಲ್ಲುಪ್ಪು ಹಾಕಿ, ಒಡೆದ ಗಡಿಗೆಯ ಹೋಳುಗಳಿಂದ ಹೆಣ್ಣಿಗೊಂದು ಅಡಗುವ ಗೂಡು ಮಾಡಿಕೊಟ್ಟವರು ಈಗ ಇಬ್ಬರೂ. ಹರಿದ ರೆಕ್ಕೆ ಚಿಗುರಿತು. ಯುಗಾದಿಯ ಸುಮಾರಿಗೆ ಗಾಜು ತೆಗೆದರು. ಹೆಣ್ಣು ಈ ಸಲ ಓಡಲಿಲ್ಲ. ಎದುರು ತಿರುಗಿ ನಿಂತು, ಬಾಯಿಗೆ ಬಾಯಿ ಕೊಟ್ಟು ಬಲ ನೋಡಿತು. ಆಮೇಲೆ ಎರಡೂ ಸೇರಿ ಒಂದು ಹೋಳನ್ನು ತಿಕ್ಕಿ ನುಣುಪು ಮಾಡಿದವು. ಹೆಣ್ಣು ಅದರ ಮೇಲೆ ಮೊಟ್ಟೆಯಿಟ್ಟಿತು. ಮರಿಗಳು ಈಜತೊಡಗಿದಾಗ ಆ ಕೊಲೆಗಡುಕ ತಂದೆ, ದಾರಿತಪ್ಪಿದ ಮರಿಯನ್ನು ಬಾಯಲ್ಲಿ ಎತ್ತಿ ತಂದು, ನೋವಾಗದಂತೆ ಗುಂಪಿನೊಳಗೆ ಉಗುಳುತ್ತಿತ್ತು. ಮಾಸ್ತರರು ನೀರಿಗೆ ಬೆರಳಿಟ್ಟಾಗ ರಕ್ತ ಬರುವಂತೆ ಕಚ್ಚಿತು.

“ನೋಡಿದ್ಯಾ ರುಕ್ಮಿಣಿ, ಅನ್ನ ಹಾಕಿದೋನನ್ನೂ ಬಿಡಲ್ಲ ಇವನು,” ಎಂದು ಅವರು ಬೆರಳು ಚಾಚಿಕೊಂಡು ಅಡುಗೆಮನೆಗೆ ಬಂದರು. ಆಕೆ ಅರಿಶಿನ ಮೆತ್ತುತ್ತ ನಕ್ಕರು.

ಅವರ ಕೋಪವೇನೂ ಹೋಗಲಿಲ್ಲ. ನಿವೃತ್ತಿಯ ದಿನದವರೆಗೂ ಮೇಲಿನವರೊಡನೆ ಜಗಳವಾಡಿದರು. ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ಜನ ಅವರನ್ನು ದೂರವಿಡುವುದು ತಪ್ಪಲ್ಲ, ಅವರು ಮಾಡುವ ಗಾಯಗಳು ನಿಜವಾದವೇ. ಆದರೆ ಅವರ ಅಬ್ಬರದಲ್ಲಿ ಬಹುಪಾಲು, ಕಾಯುವುದಕ್ಕೆ ಏನೂ ಸಿಗದ ಕಾವಲುಗಾರನ ಅಬ್ಬರ. ತಮ್ಮ ಕೈತಪ್ಪಿದರೆ ಸತ್ತೇಹೋಗುವಂಥದೊಂದು ಜೀವ ಕೈಗೆ ಬಂದಾಗ, ಅವರು ಯಾವ ವಯಸ್ಸಿನಲ್ಲಾದರೂ ಮೃದುವಾಗಲು ಕಲಿಯುತ್ತಾರೆ. ತಡವಾಗಿ ಕಲಿಯುತ್ತಾರೆ, ಅಷ್ಟು ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಉಳಿದಿದ್ದರೆ ಅದು ಅವರ ಪುಣ್ಯ.