ಮತಾಯಸ್ ಥೀಕರನ ಒಂದೇ ಮಾತು

ಮದುವೆಗೆ ಇನ್ನೆರಡು ದಿನ ಇದೆ ಅನ್ನುವಾಗ ಕಮ್ಮಾರ ಮತಾಯಸ್ ಥೀಕರನಿಗೆ ಲಕ್ವ ಹೊಡೆಯಿತು. ಮದುವೆ ಅವನ ಒಬ್ಬಳೇ ಮಗಳು ಡೈನಾಳದು. ಗಂಡು ಜೇಬೆಜ್, ಅವನ ಕುಲುಮೆಯಲ್ಲೇ ದುಡಿಯುವವನು. ಯಾರ್ಕ್‌ಶೈರಿನ ಕಡಲಂಚಿನ ಆ ಹಳ್ಳಿಯಿಂದ ಬಂದರುಪೇಟೆಯ ಆಸ್ಪತ್ರೆಗೆ ಮುದುಕನನ್ನು ಮೀನಿನ ಲಾರಿಯಲ್ಲಿ ಮಲಗಿಸಿ ಒಯ್ದರು. ಮರುದಿನ ಬೆಳಗಿನ ಬಸ್ಸಿಗೆ ಡೈನಾ ಹೊರಟಳು. ಜೇಬೆಜ್ ಊರಲ್ಲೇ ಉಳಿದ.

"ಬ್ರೆಕನ್ ಗೌಡನ ಕುದುರೆ ಲಾಳ ಕಳಚಿಕೊಂಡು ನಿಂತಿದೆ. ಮಧ್ಯಾಹ್ನ ಕುಲುಮೆ ಹೊತ್ತಿಸ್ತೀನಿ. ನೀನು ಅಪ್ಪನ್ನ ನೋಡ್ಕೊ," ಅಂದಿದ್ದ.

ಆಸ್ಪತ್ರೆಯಲ್ಲಿ ಅಪ್ಪ ನಿದ್ದೆ ಹೋಗಿದ್ದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

"ಬೆಳಗ್ಗಿಂದ ಒಂದೇ ಮಾತು ಕಣಮ್ಮ," ಎಂದಳು ನರ್ಸ್. ಅವಳು ಲಂಡನ್ ಕಡೆಯವಳು. "ಸ್ಟೆಡಿ, ಸ್ಟೆಡಿ ಅಂತ. ಅಲ್ಲಾಡದ ಹಾಗೆ ಹಿಡ್ಕೊಳ್ಳಿ ಅಂತಿರ್ಬೇಕು. ಎಲ್ಲಿ ಬಿದ್ದುಹೋಗ್ತೀನೋ ಅಂತ ಭಯ, ಪಾಪ. ಗಟ್ಟಿಯಾಗಿ ಹಿಡ್ಕೊಂಡ್ವಿ, ದಿಂಬು ಒತ್ತಿಟ್ವಿ. ಏನು ಮಾಡಿದ್ರೂ ರೇಗಾಡ್ತಿದ್ರು. ಕೊನೆಗೆ ಡಾಕ್ಟ್ರು ನಿದ್ದೆ ಬರೋಕೆ ಔಷಧಿ ಕೊಟ್ರು."

ಡೈನಾ ಅಪ್ಪನ ಕೈ ಹಿಡಿದು ಕೂತಳು. ಬಿದ್ದುಹೋಗುವ ಭಯವೇ? ಅಪ್ಪನಿಗೆ? ಒದೆಯುವ ಕುದುರೆಯ ಕಾಲನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ನಗುವ ಮನುಷ್ಯನಿಗೆ?

ಪಕ್ಕದ ಹಾಸಿಗೆಯವನು ಅವಳನ್ನೇ ನೋಡುತ್ತಿದ್ದ. ಥೊರ್ಲಾಕುರ್ ಎಂಬ ಐಸ್‌ಲ್ಯಾಂಡಿನ ಮೀನುಗಾರ. ಹಡಗಿನಲ್ಲಿ ಕಾಲು ಮುರಿದುಕೊಂಡು ಬಂದವನು. ಇಂಗ್ಲಿಷು ಹತ್ತಿಪ್ಪತ್ತು ಮಾತಿನಷ್ಟು ಮಾತ್ರ ಬರುತ್ತಿತ್ತು.

"ಸ್ಟೆಡಿ ಅಲ್ಲ," ಎಂದ ಅವನು ತಲೆ ಅಲ್ಲಾಡಿಸಿ. "ನರ್ಸಿಗೆ ಗೊತ್ತಿಲ್ಲ. ಸ್ಟೆಧ್ಯಿ! ನಮ್ಮೂರಲ್ಲೂ ಸ್ಟೆಧ್ಯಿ!" ಎಡಗೈ ಮುಷ್ಟಿ ಮಾಡಿಟ್ಟು ಅದರ ಮೇಲೆ ಬಲಗೈಯಿಂದ ಸುತ್ತಿಗೆ ಬಡಿದಂತೆ ಬಡಿದು ತೋರಿಸಿದ.

ಸ್ಟಿಡಿ! ಡೈನಾಗೆ ಹೊಳೆಯಿತು. ಅವರ ಸೀಮೆಯಲ್ಲಿ ಕಮ್ಮಾರ ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ಹಾಗೇ ಅನ್ನುತ್ತಿದ್ದರು. ಸಾವಿರ ವರ್ಷದ ಹಿಂದೆ ಹಡಗೇರಿ ಬಂದು ಅಲ್ಲಿ ನೆಲೆಸಿದ ಬಡಗಣ ಜನ ಬಿಟ್ಟುಹೋದ ಮಾತು ಅದು. ಅದೇ ಕುಲದವರು ಐಸ್‌ಲ್ಯಾಂಡಿಗೂ ಹೋಗಿದ್ದರು. ಲಂಡನ್ನಿನವರ ಕಿವಿಗೆ ಮಾತ್ರ ಅದು ಹೊಸದು.

"ಅಡಿಗಲ್ಲಿಗೆ ಏನಾಗಿದೆಯಂತೆ?" ಎಂದಳು ಡೈನಾ.

ಬೆಳಗ್ಗೆ ಮುದುಕ ಮಾಡಿದ್ದ ಕೈಸನ್ನೆಯನ್ನೇ ಥೊರ್ಲಾಕುರ್ ಮಾಡಿ ತೋರಿಸಿದ. ಒಂದು ಬೆರಳಿನಿಂದ ಮುಷ್ಟಿಯೊಳಗೆ ಏನನ್ನೋ ತುರುಕಿದ. ಮೇಲೆ ಒತ್ತಿ ಮುಚ್ಚಿದ. ಆಮೇಲೆ ಐದೂ ಬೆರಳು ಚಾಚಿ, "ಢಂ!" ಅಂದ.

ಡೈನಾ ದಡಕ್ಕನೆ ಎದ್ದಳು. ಕಮ್ಮಾರನ ಮಗಳ ಮದುವೆಗೆ ಅಡಿಗಲ್ಲಿನ ತೂತಿಗೆ ಕೋವಿಮದ್ದು ತುಂಬಿ ಸಿಡಿಸುವುದು ಆ ಕಡೆಯ ಪದ್ಧತಿ. ಹೋದ ವಾರ ಮದ್ದು ಇಟ್ಟುಕೊಳ್ಳುವ ಕಲ್ಲುಗಣಿಯವನ ಹತ್ತಿರ ಅಪ್ಪ ಪಿಸುಗುಟ್ಟಿ ನಗುತ್ತಿದ್ದುದು ಯಾಕೆಂದು ಈಗ ತಿಳಿಯಿತು. ಯಾರಿಗೂ ಹೇಳದೆ ಮದ್ದು ತುಂಬಿ ಬೆಣೆ ಹೊಡೆದಿಟ್ಟಿದ್ದಾನೆ. ಆಮೇಲೆ ನಾಲಿಗೆ ಬಿದ್ದುಹೋಗಿದೆ. ಅಲ್ಲಿ ಜೇಬೆಜ್ ಅದೇ ಅಡಿಗಲ್ಲಿನ ಮೇಲೆ ಕಾದ ಕಬ್ಬಿಣ ಇಡಲಿದ್ದಾನೆ.

ಗೋಡೆಯ ಗಡಿಯಾರದಲ್ಲಿ ಆಗಲೇ ಹನ್ನೆರಡು ದಾಟಿತ್ತು.

ಅವಳು ಆಸ್ಪತ್ರೆಯ ಫೋನಿಗೆ ಓಡಿದಳು. ಊರಲ್ಲಿ ಇದ್ದದ್ದು ಒಂದೇ ಫೋನು, ಅಂಚೆಮನೆಯದು. ಅದನ್ನು ನೋಡಿಕೊಳ್ಳುತ್ತಿದ್ದವಳು ಅವಳ ಚಿಕ್ಕಮ್ಮ ಎಸ್ತರ್. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಡೈನಾ ದೇವರ ಹೆಸರು ಹೇಳತೊಡಗಿದಳು.

"ಯಾರದು, ಊಟದ ಹೊತ್ತಲ್ಲಿ?"

"ಚಿಕ್ಕಮ್ಮ, ನಾನು ಡೈನಾ..."

"ಅಯ್ಯೋ, ನಿಮ್ಮಪ್ಪ ಹೋಗ್ಬಿಟ್ನಾ?"

"ಇಲ್ಲ! ಸ್ಟಿಡಿಗೆ ಮದ್ದು ತುಂಬಿದಾನೆ ಅಪ್ಪ! ಜೇಬೆಜ್‌ಗೆ ಗೊತ್ತಿಲ್ಲ!"

ಆ ಕಡೆ ರಿಸೀವರು ಮೇಜಿಗೆ ಬಡಿದ ಸದ್ದು, ಬಾಗಿಲು ದಡಾರೆಂದ ಸದ್ದು, ಅಷ್ಟೇ. ಆಮೇಲೆ ಸಮುದ್ರದ ಗಾಳಿ ಬಾಗಿಲನ್ನು ಬಡಿಯುತ್ತಲೇ ಇತ್ತು. ಒಂದೊಂದು ಬಡಿತಕ್ಕೂ ಡೈನಾ ಬೆಚ್ಚುತ್ತಿದ್ದಳು. ಕುಲುಮೆ ಇದ್ದದ್ದು ಏರಿನ ತುದಿಯಲ್ಲಿ. ಚಿಕ್ಕಮ್ಮನಿಗೋ ಮಂಡಿನೋವು. 'ಇಷ್ಟೊತ್ತಿಗೆ ಚರ್ಚಿನ ಗೇಟು, ಇಷ್ಟೊತ್ತಿಗೆ ನೀರಿನ ತೊಟ್ಟಿ' ಎಂದು ಮನಸ್ಸಿನಲ್ಲೇ ಅವಳ ಜೊತೆ ಏರು ಹತ್ತಿದಳು. "ಫೋನು ಬೇರೆಯವರಿಗೂ ಬೇಕು," ಎಂದ ಗುಮಾಸ್ತನ ಮುಖವನ್ನು ಒಮ್ಮೆ ನೋಡಿದಳು. ಅವನು ಹಿಂದೆ ಸರಿದ.

ಕೊನೆಗೆ ಯಾರೋ ಏದುಸಿರು ಬಿಡುವುದು ಕೇಳಿತು.

"ಡೈನಾ?" ಜೇಬೆಜ್‌ನ ದನಿ. "ನಿಮ್ಮ ಚಿಕ್ಕಮ್ಮ ಬಂದೋಳೇ ಬಕೆಟ್ ನೀರು ನನ್ನ ಮೇಲೇ ಸುರಿದ್ಲು. ಕುಲುಮೆಗೂ ಸುರಿದ್ಲು. ಏನೇ ಇದು?"

"ಕಬ್ಬಿಣ ಇಟ್ಟಿದ್ಯಾ?"

ಜೇಬೆಜ್‌ನ ದನಿ ತಗ್ಗಿತು.

"ತೂತಿಗೆ ಮರದ ಬೆಣೆ ಸಿಕ್ಕೊಂಡಿತ್ತು. ಕೆಂಪಗೆ ಕಾದ ಸರಳು ಚುಚ್ಚಿ ಸುಟ್ಟು ತೆಗೆಯೋಣ ಅಂತಿದ್ದೆ. ಸರಳು ಕೈಯಲ್ಲೇ ಇತ್ತು."

ಡೈನಾ ಗೋಡೆಗೆ ಒರಗಿದಳು. ಬಿಕ್ಕಿ ಬಿಕ್ಕಿ ಅತ್ತಳು. ಗುಮಾಸ್ತ ಅವಳ ಕೈಯಿಂದ ರಿಸೀವರು ಮೆಲ್ಲಗೆ ಬಿಡಿಸಿಕೊಂಡ.

ಸಂಜೆ ಅಪ್ಪ ಎಚ್ಚರಗೊಂಡವನೇ ಮತ್ತೆ ಹಾಸಿಗೆಯಿಂದ ಏಳಲು ಒದ್ದಾಡಿದ. ಅವಳು ಕಿವಿಗೆ ಬಾಗಿ, "ಗೊತ್ತಾಯ್ತಪ್ಪ. ಮದ್ದು ತೆಗೆದ್ರು. ಜೇಬೆಜ್ ಚೆನ್ನಾಗಿದಾನೆ," ಎಂದಳು. ಮುದುಕ ಅವಳ ಮುಖವನ್ನೇ ನೋಡಿದ, ನಿಜವೋ ಸುಳ್ಳೋ ಎಂದು ಅಳೆಯುವಂತೆ. ಆಮೇಲೆ ತಲೆ ದಿಂಬಿಗೆ ಇಳಿಯಿತು. ಪಕ್ಕದ ಹಾಸಿಗೆಯ ಥೊರ್ಲಾಕುರ್ ಚಾದರದ ತುದಿಯಿಂದ ಮೂಗು ಒರೆಸಿಕೊಂಡ.

ಮದುವೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ಮತಾಯಸನ ಬಾಯಿಗೆ ಇನ್ನೊಂದು ಮಾತು ಬಂದಿತ್ತು: ಟೀ.