ತಳ್ಳಿದರೆ ಒತ್ತುವ ಹೆಗಲು

ಪರದೆಯ ಮೇಲೆ ಯಾರದೋ ಕೈನೆರಳು ಹಾದುಹೋಯಿತು, ತಟ್ಟೆ ಹಿಡಿದ ಕೈ ಇರಬೇಕು, ಪ್ರೊಜೆಕ್ಟರಿನಿಂದ ಬಿಸಿ ಧೂಳಿನ ವಾಸನೆ, ಲೋಸೆಲಿಯ ಬೆರಳಲ್ಲಿ ತೆಂಗಿನತುರಿ ಮೆತ್ತಿದ ಕೇಕಿನ ತುಂಡು ಹಾಗೇ ಉಳಿದಿದೆ, ಅವಳ ಮಾರ್ಗದರ್ಶಕ ಮಾಲ್ಕಮ್ ಮಾತ್ರ ಎರಡನೆಯ ತುಂಡು ಬಾಯಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ವಿಭಾಗದ ಸೆಮಿನಾರಿಗೆ ಬಂದವರಿಗೆಲ್ಲ ಇವತ್ತು ನಮ್ಮ ಹುಡುಗಿ ಮಾತಾಡ್ತಾಳೆ, ಚಿಕ್ಕದಾಗಿ ಚೊಕ್ಕದಾಗಿ, ಅನ್ನುತ್ತಿದ್ದಾನೆ — ನಮ್ಮ ಹುಡುಗಿಯಂತೆ, ಯಾರ ಹುಡುಗಿ, ಇವನ ಹುಡುಗಿಯಾ, ಮಾಂಗೆರೆಯಿಂದ ದಿನಾ ಎರಡು ಬಸ್ಸು ಹತ್ತಿ ಆಕ್ಲೆಂಡ್ ದಾಟಿ ಬರುವವಳು ನಾನು, ಪ್ರಯೋಗಾಲಯದ ಇಲಿಮನೆಯ ವಾಸನೆ ಕೂದಲಿಗೆ ಹತ್ತಿಸಿಕೊಂಡು ಚರ್ಚಿನ ಹಾಡಿಗೆ ನಿಂತವಳು ನಾನು. ಚೊಕ್ಕ ಅಂದರೆ ಆ ಒಂದೇ ಕಂಬದ ಗ್ರಾಫಿನ ಚಿತ್ರ, ಬೂದುಬಣ್ಣದ್ದು, ಅವನೇ ಮಾಡಿಕೊಟ್ಟದ್ದು, ಮಾರ್ಫೀನ್ ಕೊಟ್ಟ ಇಲಿಗಳು, ಹ್ಯಾಲೊಪೆರಿಡಾಲ್ ಕೊಟ್ಟ ಇಲಿಗಳು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕೆಳಗೆ ಒಂದೇ ಪದ, ನಿಶ್ಚಲ. ನೋವಿನ ಮದ್ದೂ ಇಲಿಯನ್ನು ನಿಲ್ಲಿಸಿತು, ಹುಚ್ಚಿನ ಮದ್ದೂ ನಿಲ್ಲಿಸಿತು, ಅನ್ನದ ಕಡೆ ನೀರಿನ ಕಡೆ ಹೊಸ ವಾಸನೆಯ ಕಡೆ ನಡಿ ನಡಿ ಅಂತ ಒಳಗಿನಿಂದ ದೂಡುವ ಡೋಪಮಿನ್ ತಣ್ಣಗಾಯಿತು, ಅಲ್ಲಿಗೆ ಮುಗಿಯಿತು, ಸಂಶೋಧನಾ ಪತ್ರಿಕೆಗೆ ಕಳಿಸು. ಮುಗಿಯಲಿಲ್ಲ ಮಾಲ್ಕಮ್. ನಿನ್ನೆ ಅವನ ಕೋಣೆಯಲ್ಲೂ ಇದನ್ನೇ ಹೇಳಿದೆ, ಅವನು ಕುರ್ಚಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ನೋಡು ಲೋಸೆಲಿ, ಸರಳಿನ ಪರೀಕ್ಷೆ ಮಾಡು ಅಂತ ಹೇಳಿದ್ದೆ, ತಳ್ಳು ಅಂತ ಯಾರು ಹೇಳಿದ್ರು ನಿಂಗೆ, ಅಂದ, ಆಮೇಲೆ ನಗುತ್ತಲೇ, ಮುಂದಿನ ವರ್ಷದ ವಿದ್ಯಾರ್ಥಿವೇತನಕ್ಕೆ ನಾನೇ ಶಿಫಾರಸು ಮಾಡ್ಬೇಕಲ್ವಾ, ಅಷ್ಟು ನೆನಪಿಟ್ಕೋ ಸಾಕು. ನೆನಪಿದೆ. ಎಲ್ಲ ನೆನಪಿದೆ.

ಸರಳಿನ ಪರೀಕ್ಷೆ, ಅದರಲ್ಲಿ ಏನಿದೆ ಮಣ್ಣು, ಇಲಿಯ ಮುಂಗಾಲೆರಡನ್ನೂ ಅಡ್ಡ ಸರಳಿನ ಮೇಲೆ ಇಡುವುದು, ಗಡಿಯಾರ ಒತ್ತುವುದು, ಇಳಿಯುವ ತನಕ ಕಾಯುವುದು, ಮದ್ದಿಲ್ಲದ ಇಲಿ ಇಟ್ಟ ಕೂಡಲೇ ಇಳಿದು ಮೂಗಾಡಿಸುತ್ತಾ ಹೋಗುತ್ತದೆ, ಮದ್ದು ಹತ್ತಿದ್ದು ಬೇಲಿಗೆ ಒರಗಿದ ಮುದುಕನ ಹಾಗೆ ಒರಗಿಯೇ ಇರುತ್ತದೆ, ನಾವೆಲ್ಲ ಇಲಿ ಬಿಟ್ಟು ಗಡಿಯಾರ ನೋಡುತ್ತೇವೆ, ವರ್ಷಗಟ್ಟಲೆ ಗಡಿಯಾರವನ್ನೇ ನೋಡಿದ್ದೇವೆ, ಹೆಚ್ಚು ಹೊತ್ತು ನಿಂತರೆ ಹೆಚ್ಚು ನಿಶ್ಚಲ, ಮುಗೀತು ಲೆಕ್ಕ. ಒಂದು ದಿನ ಮದ್ದು ಹತ್ತಿದ ಇಲಿಯೊಂದು ಮೇಜಿನ ಅಂಚಿನಲ್ಲೇ ನಿಂತುಬಿಟ್ಟಿತ್ತು, ಬೀಳುತ್ತದೇನೋ ಅಂತ ಪಕ್ಕದಿಂದ ಬೆರಳಲ್ಲಿ ಸರಿಸಿದೆ — ಸರಿಯಲಿಲ್ಲ. ಒತ್ತಿತು. ಆ ಪುಟ್ಟ ಹೆಗಲು ಬೆರಳಿಗೆ ಎದುರಾಗಿ ಒತ್ತಿತು, ಕಾಲುಗಳನ್ನು ಅಗಲಿಸಿ ಹಲಗೆಗೆ ಉಗುರು ಊರಿತು, ಕಣ್ಣು ಎತ್ತಲೋ ನೆಟ್ಟಿದೆ, ಊಟ ತೋರಿಸಿದರೂ ಹೊರಡುವುದಿಲ್ಲ, ಆದರೆ ತಳ್ಳಿದರೆ ಜಗ್ಗುವುದಿಲ್ಲ. ಪಕ್ಕದ ಪಂಜರದ್ದನ್ನು ತೆಗೆದು ಹಾಗೇ ತಳ್ಳಿದೆ, ಅದು ಮರದ ಬೊಂಬೆಯ ಹಾಗೆ ಪಕ್ಕಕ್ಕೆ ಉರುಳಿತು, ಉರುಳಿದ ಕಡೆಯೇ ಸೆಟೆದುಕೊಂಡಿತ್ತು, ಸ್ವಲ್ಪ ಹೊತ್ತಿಗೆ ಏನೋ ಮೈಮೇಲೆ ಬಂದಂತೆ ಎದ್ದು ಗೋಡೆಗೆ ಮೂಗು ತಗಲುವ ತನಕ ಓಡಿತು. ಯಾವುದಕ್ಕೆ ಯಾವ ಮದ್ದು ಅಂತ ಲೋಸೆಲಿಗೆ ಗೊತ್ತಿರಲಿಲ್ಲ, ಗುರುತಿಗೆ ಬಾಲಕ್ಕೆ ಬಣ್ಣ ಬಳಿದು ಸೂಜಿ ಹಾಕುತ್ತಿದ್ದವಳು ಇಲಿಮನೆಯ ಶೆರಿಲ್, ಗುಟ್ಟು ಅವಳ ಹತ್ತಿರ, ಲೋಸೆಲಿ ಬರೀ ತಳ್ಳಿ ತಳ್ಳಿ ಇಲಿಗಳನ್ನು ಎರಡು ಗುಂಪು ಮಾಡಿದಳು, ಒತ್ತುವವು ಇತ್ತ, ಉರುಳುವವು ಅತ್ತ, ಕೊನೆಗೆ ಶೆರಿಲ್ ಗುಟ್ಟು ಬಿಚ್ಚಿ ನೋಡಿ, ಒಂದೂ ತಪ್ಪಿಲ್ವಲ್ಲೇ ಮಾರಾಯ್ತಿ, ಶನಿವಾರ ನನ್ ಜೊತೆ ಕುದುರೆ ರೇಸಿಗೆ ಬಾ, ಅಂದಳು. ಒತ್ತಿದವೆಲ್ಲ ಹ್ಯಾಲೊಪೆರಿಡಾಲ್, ಉರುಳಿದವೆಲ್ಲ ಮಾರ್ಫೀನ್. ಒಂದು ಮದ್ದು ಹೊರಡುವ ಮನಸ್ಸನ್ನು ಕಟ್ಟಿಹಾಕುತ್ತದೆ, ನಿಲ್ಲುವ ಹಟವನ್ನು ಮುಟ್ಟುವುದಿಲ್ಲ, ಇನ್ನೊಂದು ನಿಲ್ಲುವುದನ್ನೇ ಮರೆಸುತ್ತದೆ, ಓಟ ಮಾತ್ರ ಒಳಗೆಲ್ಲೋ ಬಿದ್ದಿರುತ್ತದೆ, ಗಡಿಯಾರಕ್ಕೆ ಮಾತ್ರ ಎರಡೂ ಒಂದೇ.

ಅಕನೆಸಿ ಅತ್ತೆಗೂ ಅದೇ ಹ್ಯಾಲೊಪೆರಿಡಾಲ್, ತಿಂಗಳಿಗೊಮ್ಮೆ ಸೂಜಿ, ಅಪ್ಪನ ಅಕ್ಕ, ನಮ್ಮ ಟೊಂಗಾದವರಲ್ಲಿ ಅತ್ತೆಯೆಂದರೆ ಮನೆಗೇ ದೊಡ್ಡವಳು, ಅವಳು ಕೂತ ಚಾಪೆಗಿಂತ ಎತ್ತರದಲ್ಲಿ ಅಪ್ಪನೂ ಕೂರುವಂತಿಲ್ಲ, ನನ್ನ ತಮ್ಮನ ಇಪ್ಪತ್ತೊಂದರ ಹುಟ್ಟುಹಬ್ಬದಲ್ಲಿ ಕೇಕಿನ ದೊಡ್ಡ ಅಂತಸ್ತು ಅವಳಿಗೇ, ಒಳ್ಳೆಯ ಚಾಪೆ ಅವಳಿಗೇ, ಮಾತು ಅವಳದೇ — ಮಾತಿತ್ತು, ಎಂಥ ಮಾತು, ಪಾದ್ರಿಗೇ ನಿನ್ನ ಪ್ರಾರ್ಥನೆ ಹಂದಿ ಬೇಯುವುದಕ್ಕಿಂತ ಉದ್ದ ಕಣಪ್ಪಾ ಅಂದವಳು. ಸೂಜಿ ಬೇಕಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ, ಗೋಡೆಗಳು ಅವಳನ್ನು ಬೈಯುತ್ತಿದ್ದ ದಿನಗಳನ್ನು ಲೋಸೆಲಿ ನೋಡಿದ್ದಾಳೆ. ಈಗ ಸುಮ್ಮನೆ ಕೂರುತ್ತಾಳೆ, ಎಲ್ಲರೂ ಎಷ್ಟು ಒಳ್ಳೆಯವಳಾದಳು ಅನ್ನುತ್ತಾರೆ, ಹುಟ್ಟುಹಬ್ಬದಲ್ಲಿ ಕಿರಿಯ ಅತ್ತೆ ಫಿಫಿತಾ ಫೋಟೋಕ್ಕೆಂದು ಬಂದು ಅವಳ ತೋಳು ಹಿಡಿದು, ಅಕ್ಕನ್ನ ಆಚೆ ಕೂರಿಸ್ರೋ, ಅವಳಿಗೇನು ಗೊತ್ತಾಗುತ್ತೆ, ನಾನು ಕೂತ್ಕೋತೀನಿ ಇಲ್ಲಿ — ತಳ್ಳಿದಳು, ಮೆಲ್ಲಗೆ, ಒಮ್ಮೆ, ಆಮೇಲೆ ಜೋರಾಗಿ. ಅತ್ತೆಯ ಮುಖ ಹಾಗೇ ಇತ್ತು, ಕಣ್ಣು ಎತ್ತಲೋ. ಹಿಮ್ಮಡಿ ನೆಲಕ್ಕೆ ಊರಿತು. ಹೆಗಲು ಫಿಫಿತಾಳ ಅಂಗೈಗೆ ಎದುರಾಗಿ ಒತ್ತಿತು. ಫಿಫಿತಾ ನಕ್ಕುಬಿಟ್ಟಳು, ಕೈ ತೆಗೆದಳು, ಫೋಟೋದಲ್ಲಿ ಪಕ್ಕಕ್ಕೆ ನಿಂತಳು. ಅವಳಿಗೇನು ಗೊತ್ತಾಗುತ್ತೆ ಅಂತೆ.

ಲೋಸೆಲಿ, ಬಾ, ಅಂದ ಮಾಲ್ಕಮ್. ಎದ್ದಳು, ಕೇಕು ಎಲ್ಲಿಟ್ಟಳೋ, ಮುಖಗಳೆಲ್ಲ ಬೆಳಕಿನಾಚೆ ಕರಗಿವೆ, ಮೊದಲ ಚಿತ್ರ ಬೂದುಕಂಬ, ಅವನು ಹಗುರಾಗಿ ತಲೆಯಾಡಿಸುತ್ತಿದ್ದಾನೆ, ಒಂದು ವರ್ಷದ ವೇತನ, ಅಪ್ಪನ ಗೋದಾಮಿನ ಪಾಳಿ, ನಾಳೆಯಿಂದ ನಾನೂ ಅಲ್ಲೇ ಪೆಟ್ಟಿಗೆ ಹೊರಬೇಕಾದೀತು, ಹೊರುತ್ತೇನೆ, ಬೆನ್ನಿದೆ. ಬಾಯಿ ತೆರೆದಳು, ದನಿ ಅಕನೆಸಿ ಅತ್ತೆಯ ಹಿಂದಿನ ದನಿಯ ಹಾಗೆ ದೊಡ್ಡದಾಗಿ ಬಂತು: “ಈ ಚಿತ್ರ ತಪ್ಪು. ಗಡಿಯಾರ ನೋಡಿ ಮಾಡಿದ್ದು. ನಾನು ಈ ಇಲಿಗಳನ್ನ ತಳ್ಳಿ ನೋಡಿದೀನಿ, ಯಾರೂ ಹೇಳದೇನೇ ತಳ್ಳಿದೀನಿ, ಇವು ಎರಡೂ ಒಂದೇ ಥರ ಸುಮ್ನಿಲ್ಲ.” ಯಾರೋ ಕೆಮ್ಮಿದರು. ಮುಂದಿನದಕ್ಕೆ ಹೋಗು ಲೋಸೆಲಿ, ಅಂತ ಮಾಲ್ಕಮ್ ತಗ್ಗಿದ ದನಿಯಲ್ಲಿ, ಹತ್ತಿರ ಬರುತ್ತಿದ್ದಾನೆ, ಕೀಲಿಮಣೆಗೆ ಕೈ ಚಾಚುತ್ತಿದ್ದಾನೆ, ಅವಳು ತಾನು ತೆಗೆದಿದ್ದ ವಿಡಿಯೊ ಒತ್ತಿದಳು, ಗೋಡೆಯಷ್ಟು ದೊಡ್ಡದಾಗಿ ಹಲಗೆ, ಗೋಡೆಯಷ್ಟು ದೊಡ್ಡದಾಗಿ ಅವಳದೇ ಬೆರಳು, ಬಿಳಿ ರೋಮ, ಮಾಲ್ಕಮನ ಕೋಟು ಪಕ್ಕದಲ್ಲಿ ಉಜ್ಜುತ್ತಿದೆ, ಆಚೆ ಸರಿ ಸ್ವಲ್ಪ, ಅನ್ನುತ್ತಿದ್ದಾನೆ, ಸರಿಯೋದಿಲ್ಲ ನಾನು, ಬೆರಳು ಒತ್ತುತ್ತದೆ, ಉಗುರು ಊರುತ್ತದೆ, ಬೆರಳು ಒತ್ತುತ್ತದೆ, ಹೆಗಲು, ಆ ಪುಟ್ಟ ಹೆಗಲು —